ಸ್ಟ್ರೈಕ್ ಹೇಳುವ ಕ್ಯಾಮೆರಾ ಬಂತು, ಮಗ ಕಲಿತ ಫ್ರೇಮಿಂಗ್‌ಗೆ ಇನ್ನು ಬೆಲೆ ಇದೆಯಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ನಾನು ಹಾಸನದ ಕಡೆಯವಳು, ಕ್ರಿಕೆಟ್ ನೋಡಿ ಬೆಳೆದವಳು. ಹನ್ನೊಂದು ವರ್ಷದ ಮಗನಿಗೆ ಮಾತ್ರ ಬೇಸ್‌ಬಾಲ್ ಹುಚ್ಚು. ಲಿಟ್ಲ್ ಲೀಗ್ ಎಂಬ ಮಕ್ಕಳ ಲೀಗಿನ ತಂಡದಲ್ಲಿ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು. ಅಂಚಿಗೆ ಬಂದ ಚೆಂಡನ್ನು ಸ್ಟ್ರೈಕ್ ಥರ ಕಾಣುವ ಹಾಗೆ ಹಿಡಿಯುವ ಫ್ರೇಮಿಂಗ್ ಅಂದರೆ ಅವನಿಗೆ ಪ್ರಾಣ. ‘ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ಗೆ ಕ್ಯಾಮೆರಾ ಅಂಪೈರ್ ಬಂತು, ಇನ್ನು ಅದನ್ನು ಕಲಿತು ಪ್ರಯೋಜನ ಇಲ್ಲ’ ಎಂದು ಯಾರೋ ಹೇಳಿದ್ದಾರೆ. ಅವನು ಮಂಕಾಗಿದ್ದಾನೆ. ನನಗೂ ಒಂದು ಅನುಮಾನ. ಟಿವಿಯಲ್ಲಿ ಚೆಂಡು ಚೌಕದ ಒಳಗೆ ಬಂದದ್ದು ಕಾಣುತ್ತೆ, ಅಂಪೈರ್ ‘ಬಾಲ್’ ಅನ್ನುತ್ತಾರೆ. ಯಂತ್ರ ಇದ್ದ ಮೇಲೆ ಪ್ರತಿ ಚೆಂಡಿಗೂ ಅದನ್ನೇ ಕೇಳಬಾರದಾ? ಇನ್ನೊಂದು ವಿಷಯ. ನಮ್ಮ ಲೀಗಿನ ಅಂಪೈರ್ ಹೈಸ್ಕೂಲ್ ಹುಡುಗ. ಅವನ ಮೇಲೆ ಪೋಷಕರ ಕೂಗಾಟ ಜಾಸ್ತಿಯಾಗಿದೆ. ಅದಕ್ಕೆ ಪ್ಲೇಟಿನ ಹಿಂದೆ ಫೋನ್ ಇಟ್ಟು ಆ್ಯಪ್‌ನಿಂದಲೇ ಸ್ಟ್ರೈಕ್ ಹೇಳಿಸೋಣ ಎಂದು ಕೆಲವರು ಹೊರಟಿದ್ದಾರೆ. ಒಪ್ಪಬಹುದಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳ ಹಿಂದೆ ಇರುವ ಆತಂಕ ಒಂದೇ. ಕ್ಯಾಮೆರಾ ಬಂದರೆ ಮನುಷ್ಯರ ಕೈಯ ಕೌಶಲಕ್ಕೆ ಜಾಗ ಇರುತ್ತಾ, ಅಲ್ವಾ? ಚೆಂಡಿನ ಜಾಡು ಹಿಡಿಯುವ ಕ್ಯಾಮೆರಾಗಳನ್ನು ಮೈದಾನದಲ್ಲಿ ಜೋಡಿಸಿ ಅಳತೆ ಸರಿಮಾಡುವುದು ನನ್ನ ಕೆಲಸ. ವಾರಾಂತ್ಯದಲ್ಲಿ ಮಕ್ಕಳ ಪಂದ್ಯಗಳಿಗೆ ಅಂಪೈರ್ ಆಗಿಯೂ ನಿಲ್ಲುತ್ತೇನೆ. ಎರಡೂ ಕಡೆಯಿಂದ ನೋಡಿ ಹೇಳುತ್ತೇನೆ: ನಿಮ್ಮ ಮಗ ಕಲಿತದ್ದು ವ್ಯರ್ಥವಾಗಿಲ್ಲ. ಫೋನ್ ಆ್ಯಪ್‌ಗೆ ಪಂದ್ಯದ ತೀರ್ಪು ಕೊಡುವ ಯೋಗ್ಯತೆ ಇಲ್ಲ. ಯಾಕೆ ಎಂದು ವಿವರವಾಗಿ ಹೇಳಬೇಕು.

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಚೆಂಡು ಎಸೆಯುವವನು ಪಿಚರ್. ಬ್ಯಾಟರ್ ಮುಂದೆ ನೆಲದಲ್ಲಿರುವ ಬಿಳಿ ಹಲಗೆ ಹೋಮ್ ಪ್ಲೇಟ್. ಬ್ಯಾಟರ್ ಹೊಡೆಯದೆ ಬಿಟ್ಟ ಚೆಂಡು ಈ ಪ್ಲೇಟಿನ ಮೇಲಿನ ಒಂದು ಕಾಲ್ಪನಿಕ ಚೌಕವನ್ನು ಮುಟ್ಟಿ ಹೋದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ನಾಲ್ಕು ಬಾಲ್ ಆದರೆ ಅವನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಯುತ್ತಾನೆ. ಆ ಚೌಕದ ಹೆಸರೇ ಸ್ಟ್ರೈಕ್ ಜೋನ್. ಗಾಳಿಯಲ್ಲಿ ಅದಕ್ಕೆ ಗೆರೆ ಇಲ್ಲ, ಗುರುತಿಲ್ಲ. ಒಂದು ಪಂದ್ಯದಲ್ಲಿ ಬ್ಯಾಟರ್‌ಗಳು ಹೊಡೆಯದೆ ಬಿಡುವ ಚೆಂಡುಗಳೇ ಸುಮಾರು 150. ಅಷ್ಟಕ್ಕೂ ಅಂಪೈರ್ ಕಣ್ಣಳತೆಯಲ್ಲಿ, ಅರೆಕ್ಷಣದಲ್ಲಿ ತೀರ್ಪು ಕೊಡಬೇಕು.

ಮೊದಲು ಮೇಜರ್ ಲೀಗ್‌ನಲ್ಲಿ ನಿಜಕ್ಕೂ ಏನು ಬಂದಿದೆ ನೋಡೋಣ. ಅಂಪೈರ್ ಹೋಗಿ ಯಂತ್ರ ಬಂದಿದೆ ಎನ್ನುವುದು ತಪ್ಪು ಕಲ್ಪನೆ. 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿ 2026ರ ಸೀಸನ್‌ಗೆ ಬಂದದ್ದು ಚಾಲೆಂಜ್ ಪದ್ಧತಿ. ಪ್ರತಿ ಚೆಂಡಿಗೂ ಅಂಪೈರೇ ಮೊದಲಿನ ಹಾಗೆ ಬಾಲ್, ಸ್ಟ್ರೈಕ್ ಹೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ಪಿಚರ್, ಕ್ಯಾಚರ್ ಅಥವಾ ಬ್ಯಾಟರ್ ತಕ್ಷಣ ತನ್ನ ತಲೆ ತಟ್ಟಿಕೊಂಡು ಮೇಲ್ಮನವಿ ಕೇಳಬಹುದು. ಈ ಮೂವರೇ. ಕೋಚ್ ಕೇಳುವ ಹಾಗಿಲ್ಲ, ಡಗೌಟ್‌ನಿಂದ ಸನ್ನೆ ಮಾಡುವ ಹಾಗೂ ಇಲ್ಲ. ತಂಡಕ್ಕೆ ಎರಡು ಚಾಲೆಂಜ್. ಗೆದ್ದರೆ ಅದು ಉಳಿಯುತ್ತದೆ, ಸೋತರೆ ಹೋಗುತ್ತದೆ. ಪಂದ್ಯ ಹೆಚ್ಚುವರಿ ಇನಿಂಗ್ಸ್‌ಗೆ ಹೋದಾಗ ಚಾಲೆಂಜ್ ಉಳಿದಿಲ್ಲದ ತಂಡಕ್ಕೆ ಒಂದು ಸಿಗುತ್ತದೆ. ಚೆಂಡಿನ ಜಾಡು ಮೈದಾನದ ದೊಡ್ಡ ಪರದೆಯ ಮೇಲೆ ಬರುತ್ತದೆ, ಎಲ್ಲರೂ ನೋಡುತ್ತಾರೆ, ಆಟ ಮುಂದುವರಿಯುತ್ತದೆ.

2025ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಪಂದ್ಯಕ್ಕೆ ಸರಾಸರಿ ನಾಲ್ಕು ಚಾಲೆಂಜ್ ಬಂದವು. ಒಂದೊಂದಕ್ಕೂ ಹಿಡಿದ ಸಮಯ ಸರಾಸರಿ 13.8 ಸೆಕೆಂಡ್. ಅರ್ಧಕ್ಕಿಂತ ತುಸು ಹೆಚ್ಚು ಚಾಲೆಂಜ್‌ಗಳಲ್ಲಿ ತೀರ್ಪು ಬದಲಾಯಿತು.

ಈಗ ನಿಮ್ಮ ಮಗನ ವಿಷಯಕ್ಕೆ ಈ ಲೆಕ್ಕ ಹಚ್ಚಿ ನೋಡಿ. ಸುಮಾರು 150 ತೀರ್ಪುಗಳಲ್ಲಿ ನಾಲ್ಕು ಮಾತ್ರ ಕ್ಯಾಮೆರಾ ಮುಂದೆ ಹೋದವು. ಉಳಿದವೆಲ್ಲ ಅಂಪೈರ್ ಕಣ್ಣಿಗೇ ಬಿಟ್ಟದ್ದು. ಅಂಚಿನ ಚೆಂಡನ್ನು ಕೈ ನಡುಗದೆ, ಮೈ ಅಲುಗಾಡದೆ ಹಿಡಿಯುವ ಕ್ಯಾಚರ್‌ಗೆ ಅಲ್ಲಿ ಇವತ್ತಿಗೂ ಲಾಭ ಇದೆ. ಮೊದಲಿಗಿಂತ ಬೆಲೆ ಸ್ವಲ್ಪ ಕಡಿಮೆಯಾಗಬಹುದು. ಪಂದ್ಯದ ಮುಖ್ಯ ಘಟ್ಟದಲ್ಲಿ ಕದ್ದ ಸ್ಟ್ರೈಕನ್ನು ಬ್ಯಾಟರ್ ಪ್ರಶ್ನಿಸುತ್ತಾನೆ, ಅದು ನಿಜ.

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಅಂಶ ಹೊರಬಿತ್ತು. ನಿಮ್ಮ ಮಗನಿಗೆ ಇದನ್ನು ಖಂಡಿತ ಹೇಳಿ. ಚಾಲೆಂಜ್ ಗೆದ್ದವರಲ್ಲಿ ಮುಂದಿದ್ದವರು ಕ್ಯಾಚರ್‌ಗಳು, ನೂರಕ್ಕೆ 56. ಬ್ಯಾಟರ್‌ಗಳು ನೂರಕ್ಕೆ 50. ಪಿಚರ್‌ಗಳು ಬರೀ 41. ಕಾರಣ ಸರಳ. ಪಿಚರ್ ನಿಂತಿರುವುದು 60 ಅಡಿ ದೂರ, ಅವನಿಗೆ ತಾನು ಎಸೆದದ್ದೆಲ್ಲ ಸ್ಟ್ರೈಕ್ ಅನಿಸುತ್ತದೆ. ಬ್ಯಾಟರ್ ಪಕ್ಕದಿಂದ ನೋಡುತ್ತಾನೆ. ಚೆಂಡಿನ ದಾರಿಯ ನೇರಕ್ಕೆ ಕೂತು, ಕೊನೆಯವರೆಗೂ ಕಣ್ಣು ಕೀಳದೆ ನೋಡುವವನು ಕ್ಯಾಚರ್ ಒಬ್ಬನೇ. ಆ ಚೌಕದ ಅಂಚು ಎಲ್ಲಿದೆ ಎಂದು ಬೇರೆಯವರಿಗಿಂತ ಚೆನ್ನಾಗಿ ಬಲ್ಲವನು ಅವನು. ಹೊಸ ಪದ್ಧತಿಯಲ್ಲಿ ತಂಡದ ಚಾಲೆಂಜ್ ಯಾವಾಗ ಖರ್ಚು ಮಾಡಬೇಕು ಎನ್ನುವ ಜವಾಬ್ದಾರಿಯೂ ಅವನ ಹೆಗಲಿಗೆ ಬಂದಿದೆ. ಫ್ರೇಮಿಂಗ್ ಅಭ್ಯಾಸ ಮಾಡುತ್ತಾ ನಿಮ್ಮ ಮಗ ಗೊತ್ತಿಲ್ಲದೆಯೇ ಬೆಳೆಸಿಕೊಂಡ ಅಂದಾಜು ಇದೇ.

ಇನ್ನು ಟಿವಿಯ ಚೌಕ. ಅದನ್ನು ನೋಡಿ ಅಂಪೈರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಆ ದೃಶ್ಯ ತೆಗೆಯುವ ಕ್ಯಾಮೆರಾ ದೂರದಲ್ಲಿ, ಪಿಚರ್‌ನ ಬೆನ್ನ ಹಿಂದೆ, ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಸರಿದು, ಎತ್ತರದಲ್ಲಿ ಇರುತ್ತದೆ. ನೇರ ನೋಟ ಅಲ್ಲ. ಅದರ ಮೇಲೆ ಬರೆದ ಚೌಕ ಚಪ್ಪಟೆ. ಪ್ಲೇಟಿಗೆ ಮಾತ್ರ ಆಳ ಇದೆ, ಮುಂದಿನ ಅಂಚಿನಿಂದ ಹಿಂದಿನ ತುದಿವರೆಗೆ 17 ಇಂಚು. ತಿರುಗುವ ಚೆಂಡು ಮುಂದಿನ ಅಂಚಿನಲ್ಲಿ ಒಂದು ಎತ್ತರದಲ್ಲಿದ್ದರೆ ಹಿಂದಿನ ತುದಿಯಲ್ಲಿ ಹಲವು ಇಂಚು ಕೆಳಗೆ ಇರಬಹುದು. ನಾವು ಮನೆಯಲ್ಲಿ ನೋಡುವುದು ಬಹುಪಾಲು ಚೆಂಡು ಕ್ಯಾಚರ್ ಕೈ ಸೇರಿದ ಜಾಗವನ್ನು. ಮೇಜರ್ ಲೀಗ್ ಅಂಪೈರ್‌ಗಳ ಇಂಥ ತೀರ್ಪುಗಳಲ್ಲಿ ನೂರಕ್ಕೆ ಸುಮಾರು 94 ಸರಿ ಇರುತ್ತವೆ. ಗಂಟೆಗೆ 95 ಮೈಲಿ ವೇಗದ ಚೆಂಡು ಪ್ಲೇಟು ತಲುಪಲು ಹಿಡಿಯುವುದು ಸುಮಾರು 0.4 ಸೆಕೆಂಡ್. ಮನುಷ್ಯರ ಕಣ್ಣಿನಿಂದ ಅಷ್ಟು ಸರಿ ಬರುವುದನ್ನು ನಾನು ಗೌರವದಿಂದ ನೋಡುತ್ತೇನೆ. ಆದರೂ ಉಳಿದ ಆರು ಒಬ್ಬ ಆಟಗಾರನ ಪಂದ್ಯವನ್ನೇ ಕೆಡಿಸಬಹುದು. ಕ್ಯಾಮೆರಾ ಬೇಡ ಎನ್ನುವವರ ಜೊತೆ ನಾನಿಲ್ಲ.

ಕ್ಯಾಮೆರಾ ಹೇಗೆ ನೋಡುತ್ತದೆ? ಮೇಜರ್ ಲೀಗ್ ಮೈದಾನಗಳಲ್ಲಿರುವುದು ಹಾಕ್-ಐ. ನಾವು ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂಗೆ ನೋಡುವ ಅದೇ ಹೆಸರು. 2001ರಲ್ಲಿ ಕ್ರಿಕೆಟ್ ಪ್ರಸಾರದಿಂದ ಶುರುವಾದ ಈ ತಂತ್ರ 2020ರಿಂದ ಮೇಜರ್ ಲೀಗ್‌ನ ಚೆಂಡಿನ ಲೆಕ್ಕವನ್ನೆಲ್ಲ ಇಡುತ್ತಿದೆ. ಮೈದಾನದ ಸುತ್ತ 12 ಕ್ಯಾಮೆರಾ. ಅವುಗಳಲ್ಲಿ ಐದರ ಕೆಲಸ ಪಿಚರ್ ಎಸೆದ ಚೆಂಡನ್ನು ಹಿಂಬಾಲಿಸುವುದು. ಬೇರೆ ಬೇರೆ ಕೋನದ ಚಿತ್ರಗಳನ್ನು ಜೋಡಿಸಿ, ಗಾಳಿಯಲ್ಲಿ ಚೆಂಡು ಎಲ್ಲೆಲ್ಲಿ ಇತ್ತು ಎಂದು ಲೆಕ್ಕ ಹಾಕುತ್ತದೆ. ಬಿಂದುಗಳನ್ನು ಸೇರಿಸಿದರೆ ದಾರಿ ಸಿಗುತ್ತದೆ. ತಪ್ಪಿನ ಅಂತರ ಕೆಲವೇ ಮಿಲಿಮೀಟರ್.

ಕ್ರಿಕೆಟ್ ನೋಡಿ ಬೆಳೆದ ನಿಮಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. ಎಲ್‌ಬಿಡಬ್ಲ್ಯೂನಲ್ಲಿ ಚೆಂಡು ಪ್ಯಾಡಿಗೆ ಬಡಿದು ನಿಂತುಹೋಗಿರುತ್ತದೆ. ಮುಂದೆ ಎಲ್ಲಿ ಹೋಗುತ್ತಿತ್ತು ಎನ್ನುವುದು ಊಹೆ. ಭಾರತ ವರ್ಷಗಟ್ಟಲೆ ಡಿಆರ್‌ಎಸ್ ಬೇಡ ಎಂದು ಹಟ ಹಿಡಿದದ್ದಕ್ಕೆ ಈ ಊಹೆಯ ಮೇಲಿನ ಅಪನಂಬಿಕೆಯೇ ಮುಖ್ಯ ಕಾರಣವಾಗಿತ್ತು. ನಮ್ಮ ಅನಿಲ್ ಕುಂಬ್ಳೆ ಐಸಿಸಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿ ಈ ತಂತ್ರಗಳ ಪರೀಕ್ಷೆಯನ್ನು ಹತ್ತಿರದಿಂದ ನೋಡಿದವರು. ಅವರು ಕೋಚ್ ಆಗಿದ್ದಾಗಲೇ, 2016ರ ಕೊನೆಯಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಗೆ ಭಾರತ ಒಪ್ಪಿಕೊಂಡಿತು. ಊಹೆಯಲ್ಲಿ ತಪ್ಪಿರಬಹುದು ಎಂದೇ ಕ್ರಿಕೆಟ್‌ನಲ್ಲಿ ‘ಅಂಪೈರ್ಸ್ ಕಾಲ್’ ಇದೆ. ಸ್ಟಂಪಿಗೆ ಚೂರು ತಾಗಿದಂತೆ ಕಂಡರೆ ಅಂಪೈರ್ ಹೇಳಿದ್ದೇ ಉಳಿಯುತ್ತದೆ. ಬೇಸ್‌ಬಾಲ್‌ನಲ್ಲಿ ಚೆಂಡು ನಿಜವಾಗಿ ಪ್ಲೇಟ್ ದಾಟಿಯೇ ಹೋಗುತ್ತದೆ. ಊಹೆಗೆ ಜಾಗವಿಲ್ಲ, ನಡೆದದ್ದನ್ನು ಅಳೆಯುವುದಷ್ಟೇ. ಅದಕ್ಕೇ ಅಲ್ಲಿ ಅಂಥ ವಿನಾಯಿತಿ ಇಟ್ಟಿಲ್ಲ. ಕೂದಲೆಳೆಯಷ್ಟು ತಾಗಿದರೂ ಸ್ಟ್ರೈಕ್.

ಹಾಗಾದರೆ ಪ್ರತಿ ಚೆಂಡಿಗೂ ಯಂತ್ರವನ್ನೇ ಕೇಳಲು ಅಡ್ಡಿ ಏನು?

ಚೆಂಡು ಎಲ್ಲಿತ್ತು ಎನ್ನುವುದು ಇವತ್ತು ಹೆಚ್ಚುಕಮ್ಮಿ ಬಗೆಹರಿದ ಪ್ರಶ್ನೆ. ಚೌಕ ಎಲ್ಲಿದೆ ಎನ್ನುವುದು ಬಗೆಹರಿದಿಲ್ಲ. ಅದನ್ನು ಕ್ಯಾಮೆರಾ ಕಂಡುಹಿಡಿಯಲು ಆಗದು, ಮನುಷ್ಯರು ಕೂತು ತೀರ್ಮಾನಿಸಬೇಕು. ಈ ಇಡೀ ಚರ್ಚೆಯಲ್ಲಿ ಜನ ಮರೆಯುವುದು ಇದನ್ನೇ.

ನಿಯಮ ಪುಸ್ತಕದ ಪ್ರಕಾರ ಚೌಕದ ಮೇಲಿನ ಗೆರೆ ಭುಜಕ್ಕೂ ಪ್ಯಾಂಟಿನ ಮೇಲಂಚಿಗೂ ನಡುವೆ. ಕೆಳಗಿನದು ಮೊಣಕಾಲು ಚಿಪ್ಪಿನ ಕೆಳಗೆ. ಬ್ಯಾಟರ್ ಬಗ್ಗುತ್ತಾನೆ, ಏಳುತ್ತಾನೆ, ಪ್ಯಾಂಟ್ ಜಾರುತ್ತದೆ. ಇದನ್ನು ಯಂತ್ರಕ್ಕೆ ಹೇಗೆ ಹೇಳಿಕೊಡುವುದು? ಮೇಜರ್ ಲೀಗ್ ಕೊನೆಗೆ ಹಿಡಿದ ದಾರಿ ಎತ್ತರದ ಲೆಕ್ಕ. ಬೂಟಿಲ್ಲದೆ ನಿಲ್ಲಿಸಿ ಆಟಗಾರನ ಎತ್ತರ ಅಳೆಯುತ್ತಾರೆ. ಅದರ ನೂರಕ್ಕೆ 53.5 ಮೇಲಿನ ಗೆರೆ, ನೂರಕ್ಕೆ 27 ಕೆಳಗಿನ ಗೆರೆ. ಅಗಲ ಪ್ಲೇಟಿನಷ್ಟೇ, 17 ಇಂಚು. ಪ್ಲೇಟಿನ ಸರಿ ಮಧ್ಯದಲ್ಲಿ ನಿಲ್ಲಿಸಿದ ಒಂದು ಚಪ್ಪಟೆ ಆಯತ. ಆರೂವರೆ ಅಡಿ ದಾಟಿದ ಆರನ್ ಜಡ್ಜ್‌ಗೂ ಐದೂವರೆ ಅಡಿಯ ಹೋಸೆ ಆಲ್ಟೂವೆಗೂ ಮೇಲಿನ ಗೆರೆಯಲ್ಲೇ ಸುಮಾರು ಏಳು ಇಂಚು ವ್ಯತ್ಯಾಸ ಬರುತ್ತದೆ.

ಈ ಸಂಖ್ಯೆಗಳು ಒಂದೇ ಸಲಕ್ಕೆ ಬಂದವಲ್ಲ. 2019ರಲ್ಲಿ ಸ್ವತಂತ್ರ ಅಟ್ಲಾಂಟಿಕ್ ಲೀಗ್‌ನಲ್ಲಿ ಮೊದಲ ಪ್ರಯೋಗ ನಡೆಯಿತು. ಆಗ ಇದ್ದದ್ದು ರೇಡಾರ್. ಅಂಪೈರ್ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಯಂತ್ರ ಹೇಳಿದ್ದನ್ನು ಕೂಗುತ್ತಿದ್ದರು. ಚೌಕಕ್ಕೆ ಪ್ಲೇಟಿನಷ್ಟು ಆಳವೂ ಇತ್ತು. ಜೋರಾಗಿ ಕೆಳಗಿಳಿಯುವ ಚೆಂಡು ಚೌಕದ ಮೂಲೆಯನ್ನು ಸುಮ್ನೆ ಸವರಿಕೊಂಡು ಹೋಗಿ ಬಹುತೇಕ ನೆಲಕ್ಕೆ ಬಿದ್ದರೂ ಸ್ಟ್ರೈಕ್ ಆಗುತ್ತಿತ್ತು. ಪುಸ್ತಕದ ಪ್ರಕಾರ ಅದು ಸರಿ. ಆದರೆ ಅದನ್ನು ಯಾವ ಬ್ಯಾಟರ್‌ಗೂ ಹೊಡೆಯಲು ಆಗದು. ನೂರು ವರ್ಷದಿಂದ ಯಾವ ಅಂಪೈರ್ ಕೂಡ ಅದನ್ನು ಸ್ಟ್ರೈಕ್ ಎನ್ನುತ್ತಿರಲಿಲ್ಲ. ಚೌಕವನ್ನು ಚಪ್ಪಟೆ ಮಾಡಿ ಪ್ಲೇಟಿನ ನಡುವೆ ನಿಲ್ಲಿಸಿದರೆ ಇಂಥ ತೀರ್ಪುಗಳು ಕಡಿಮೆಯಾಗುತ್ತವೆ. ಮೈನರ್ ಲೀಗ್ ಪರೀಕ್ಷೆಗಳಲ್ಲಿ ಮೇಲಿನ ಗೆರೆ ಒಂದು ಕಾಲಕ್ಕೆ ನೂರಕ್ಕೆ 51ರಲ್ಲೂ ಇತ್ತು. ಗೆರೆ ಒಂದಿಂಚು ಸರಿದರೆ ಆಟವೇ ಬದಲಾಗುತ್ತದೆ.

ಇನ್ನೊಂದು ತೊಡಕು ಆಕಾರದ್ದು. ಅಂಪೈರ್‌ಗಳ ಮನಸ್ಸಿನಲ್ಲಿರುವ ಚೌಕ ನಿಜವಾಗಿ ಚೌಕವಲ್ಲ, ಮೂಲೆ ಸವೆದ ಮೊಟ್ಟೆಯಾಕಾರ. ಮೂಲೆಯ ಚೆಂಡುಗಳನ್ನು ಅವರು ಸಾಮಾನ್ಯವಾಗಿ ಸ್ಟ್ರೈಕ್ ಎನ್ನುವುದಿಲ್ಲ. ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆಗಿದ್ದರೆ ಅವರ ಚೌಕ ಕುಗ್ಗುತ್ತದೆ. ಪಿಚರ್ ಮೂರು ಬಾಲ್ ಹಾಕಿ ಸಂಕಟದಲ್ಲಿದ್ದರೆ ಹಿಗ್ಗುತ್ತದೆ. ಸೋಲುತ್ತಿರುವವನ ಕಡೆಗೆ ಮನುಷ್ಯನ ಕಣ್ಣು ತಾನಾಗಿಯೇ ವಾಲುತ್ತದೆ. ಯಂತ್ರ ವಾಲುವುದಿಲ್ಲ. ಮೇಜರ್ ಲೀಗ್‌ಗೆ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಮೈನರ್ ಲೀಗ್‌ನಲ್ಲಿ ಪೂರ್ತಿ ಯಂತ್ರದ ತೀರ್ಪು ಬಂದ ಪಂದ್ಯಗಳಲ್ಲಿ ಪುಕ್ಕಟೆ ನಡಿಗೆಗಳು ಜಾಸ್ತಿಯಾದವು. ಅಲ್ಲಿ 2023ರಲ್ಲಿ ಪೂರ್ತಿ ಯಂತ್ರ ಮತ್ತು ಚಾಲೆಂಜ್ ಎರಡನ್ನೂ ಇಟ್ಟು ನೋಡಿದರು. 2024ರ ಮಧ್ಯದಲ್ಲಿ ಪೂರ್ತಿ ಯಂತ್ರವನ್ನು ಕೈಬಿಟ್ಟು ಚಾಲೆಂಜ್ ಒಂದನ್ನೇ ಉಳಿಸಿಕೊಂಡರು. ಆಟಗಾರರಿಗೂ ಇದೇ ಹಿಡಿಸಿತ್ತು.

ಪೂರ್ತಿ ಯಂತ್ರದ ದಾರಿ ಹಿಡಿದವರೂ ಇದ್ದಾರೆ. ದಕ್ಷಿಣ ಕೊರಿಯಾದ ಕೆಬಿಒ ಲೀಗ್ 2024ರಲ್ಲಿ ಪ್ರತಿ ಚೆಂಡಿಗೂ ಯಂತ್ರದ ತೀರ್ಪು ತಂದಿತು. ದೇಶವೊಂದರ ಅಗ್ರ ಲೀಗ್ ಹೀಗೆ ಮಾಡಿದ್ದು ಅದೇ ಮೊದಲು. ಮೊದಲ ತಿಂಗಳಲ್ಲೇ, ಏಪ್ರಿಲ್ 14ರಂದು ದೆಗುವಿನ ಪಂದ್ಯದಲ್ಲಿ ಯಂತ್ರ ಸ್ಟ್ರೈಕ್ ಎಂದದ್ದನ್ನು ಅಂಪೈರ್ ಬಾಲ್ ಎಂದರು. ತಂಡ ತಕರಾರು ಎತ್ತಿತು. ಯಂತ್ರವೇ ಬಾಲ್ ಎಂದು ಹೇಳಿತು ಅಂತ ಹೇಳೋಣ ಎಂದು ಅಂಪೈರ್‌ಗಳು ತಮ್ಮೊಳಗೆ ಮಾತಾಡಿಕೊಂಡದ್ದು ಟಿವಿ ಪ್ರಸಾರದಲ್ಲಿ ಕೇಳಿಸಿಬಿಟ್ಟಿತು. ಒಬ್ಬರ ಕೆಲಸ ಹೋಯಿತು, ಇಬ್ಬರು ಅಮಾನತಾದರು. ಆಮೇಲೆ ಡಗೌಟ್‌ಗಳಿಗೂ ಇಯರ್‌ಫೋನ್ ಕೊಟ್ಟರು. ಮೇಜರ್ ಲೀಗ್‌ನಲ್ಲಿ ಆಡಿ ಬಂದ ಪಿಚರ್ ರ್ಯೂ ಹ್ಯುನ್-ಜಿನ್ ಚೌಕ ದಿನದಿಂದ ದಿನಕ್ಕೆ ಬೇರೆ ಥರ ಇದೆ ಎಂದು ದೂರಿದರು. ಲೀಗ್ ಅಂಕಿಅಂಶ ಬಿಡುಗಡೆ ಮಾಡಿ ಉತ್ತರ ಕೊಟ್ಟಿತು. 2025ರಲ್ಲಿ ಚೌಕವನ್ನೇ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಇಳಿಸಿದರು. ಇಷ್ಟಾದರೂ ಅವರು ಯಂತ್ರವನ್ನು ಬಿಟ್ಟಿಲ್ಲ. ಎರಡೂ ತಂಡಕ್ಕೆ ಒಂದೇ ಗೆರೆ ಎನ್ನುವುದು ಸಣ್ಣ ವಿಷಯವಲ್ಲ.

ನನ್ನನ್ನು ಕೇಳಿದರೆ ಸದ್ಯಕ್ಕೆ ಚಾಲೆಂಜ್ ಪದ್ಧತಿಯೇ ಒಳ್ಳೆಯದು. ಪಂದ್ಯ ತಿರುಗಿಸುವ ದೊಡ್ಡ ತಪ್ಪು ಸರಿಹೋಗುತ್ತದೆ, ಕ್ಯಾಚರ್‌ನ ಕೌಶಲ ಉಳಿಯುತ್ತದೆ. ಇದರಲ್ಲೂ ತೊಂದರೆ ಇದೆ. ಚಾಲೆಂಜ್ ಮುಗಿದ ಮೇಲೆ ಆದ ತಪ್ಪು ತಪ್ಪಾಗಿಯೇ ಉಳಿಯುತ್ತದೆ, ಅದೂ ಎಲ್ಲರಿಗೂ ಕಾಣುವ ಹಾಗೆ. ಅಂಪೈರ್‌ನ ತಪ್ಪನ್ನು ಸಾವಿರಾರು ಜನರ ಮುಂದೆ ಪರದೆಯ ಮೇಲೆ ತೋರಿಸುವುದೂ ಅವರಿಗೆ ಹಗುರ ಅಲ್ಲ. ಇನ್ನೊಂದು ಕಡೆ ನೋಡಿದರೆ, 2024ರಲ್ಲಿ ಮೇಜರ್ ಲೀಗ್ ಪಂದ್ಯಗಳಿಂದ ಹೊರಗೆ ಕಳಿಸಲಾದ ಹತ್ತರಲ್ಲಿ ಆರು ಜನ ಬಾಲ್-ಸ್ಟ್ರೈಕ್ ಜಗಳದಲ್ಲೇ ಹೋದವರು. ತಲೆ ತಟ್ಟಿಕೊಂಡು ಕೇಳುವ ದಾರಿ ಇದ್ದರೆ ಕೂಗಾಡುವ ಕಾರಣ ಕಡಿಮೆಯಾಗುತ್ತದೆ.

ಈಗ ನಿಮ್ಮ ಲೀಗಿನ ಫೋನ್ ವಿಷಯ. ಇಲ್ಲಿ ನಾನು ಗಟ್ಟಿಯಾಗಿ ಹೇಳಬೇಕು, ಪಂದ್ಯದ ತೀರ್ಪಿಗೆ ಬೇಡ.

ಒಂದೇ ಕ್ಯಾಮೆರಾಗೆ ಆಳ ಗೊತ್ತಾಗುವುದು ಕಷ್ಟ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋದ ಹಾಗೆ. ಎಡಬಲ ತಿಳಿಯಬಹುದು, ಚೆಂಡು ಪ್ಲೇಟಿನ ಮೇಲೆ ಬಂದ ಕ್ಷಣ ಯಾವುದು ಎನ್ನುವುದು ತಿಳಿಯದು. ಆಮೇಲೆ ವೇಗ. ಮಕ್ಕಳ ಚೆಂಡು ಗಂಟೆಗೆ 50 ಮೈಲಿ ಬಂತು ಎಂದುಕೊಳ್ಳಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಸುಮಾರು ಎರಡೂವರೆ ಅಡಿ ಓಡಿರುತ್ತದೆ. ಪ್ಲೇಟಿನ ಆಳ ಒಂದೂವರೆ ಅಡಿಗೂ ಕಡಿಮೆ. ಅಂದರೆ ಪ್ಲೇಟಿನ ಮೇಲೆ ಚೆಂಡಿನ ಒಂದು ಚಿತ್ರವೂ ಸಿಗದೇ ಇರಬಹುದು. 240 ಚಿತ್ರದ ಸ್ಲೋ ಮೋಷನ್ ಇಟ್ಟರೆ ಪರವಾಗಿಲ್ಲ, ಆದರೆ ಸಂಜೆ ಬೆಳಕು ಸಾಲುವುದಿಲ್ಲ. ಇನ್ನು ಸ್ಟ್ಯಾಂಡ್ ಅಲುಗಾಡುವುದು. ಇದು ನನ್ನ ಕೆಲಸದ ನಿತ್ಯದ ತಲೆನೋವು. 60 ಅಡಿ ದೂರದ ಕ್ಯಾಮೆರಾ ಅರ್ಧ ಡಿಗ್ರಿ ತಿರುಗಿದರೆ ಪ್ಲೇಟಿನ ಹತ್ತಿರ ಆರು ಇಂಚು ತಪ್ಪು ಬರುತ್ತದೆ. ಫೋನ್ ಹತ್ತಿರವಿದ್ದರೆ ಆ ತಪ್ಪು ಕಡಿಮೆ, ಆದರೆ ಬೇಲಿಗೆ ಕಟ್ಟಿದ ಫೋನಿಗೆ ಒಂದು ಚೆಂಡು ಬಡಿದರೆ ಸಾಕು. ಅಲುಗಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆ್ಯಪ್ ಮಾತ್ರ ಅಷ್ಟೇ ಧೈರ್ಯವಾಗಿ ತೀರ್ಪು ಹೇಳುತ್ತಿರುತ್ತದೆ.

ನಿಯಮವೂ ಬೇರೆ. ಲಿಟ್ಲ್ ಲೀಗ್‌ನ ಸ್ಟ್ರೈಕ್ ಜೋನ್ ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ. ಮೇಜರ್ ಲೀಗ್ ಚೌಕಕ್ಕಿಂತ ಮೇಲಕ್ಕಿದೆ. ದೊಡ್ಡವರಿಗಾಗಿ ಮಾಡಿದ ಆ್ಯಪ್ ಮಕ್ಕಳ ಸರಿಯಾದ ಸ್ಟ್ರೈಕನ್ನೂ ಬಾಲ್ ಎನ್ನಬಹುದು. ಈ ವಯಸ್ಸಿನಲ್ಲಿ ಒಬ್ಬೊಬ್ಬರ ಎತ್ತರ ಒಂದೊಂದು ಥರ. ಎಲ್ಲರಿಗೂ ಒಂದೇ ಚೌಕ ಇಟ್ಟರೆ ಗಿಡ್ಡ ಮಗುವಿಗೆ ಅನ್ಯಾಯ.

ಇದಕ್ಕಿಂತ ನನ್ನನ್ನು ಕಾಡುವುದು ಆ ಅಂಪೈರ್ ಹುಡುಗ. ಪೋಷಕರು ಫೋನ್ ತರಲು ಹೊರಟಿರುವುದು ಅವನ ಮೇಲಿನ ಕೂಗಾಟ ನಿಲ್ಲಿಸಲು ಎನ್ನುತ್ತೀರಿ. ನಿಲ್ಲುವುದಿಲ್ಲ. ತಪ್ಪು ಅಳತೆಯ ವಿಡಿಯೊ ಕೈಯಲ್ಲಿ ಹಿಡಿದು ಕೂಗಾಡುತ್ತಾರೆ. ಹದಿನಾರರ ಹುಡುಗ ಅದಕ್ಕೆ ಏನು ಉತ್ತರ ಕೊಡಲು ಸಾಧ್ಯ? ಅವನು ಮುಂದಿನ ಸೀಸನ್‌ಗೆ ಬರುವುದಿಲ್ಲ. ಅಂಪೈರ್ ಇಲ್ಲದಿದ್ದರೆ ಪಂದ್ಯವೇ ಇಲ್ಲ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನಾನು ಆರಿಸುವುದು ಇದು. ಫೋನ್ ಇರಲಿ, ಅಭ್ಯಾಸಕ್ಕೆ ಮಾತ್ರ. ಪಿಚರ್ ಕೈಯಿಂದ ಚೆಂಡು ಹೇಗೆ ಬಿಡುತ್ತಿದೆ, ನಿಮ್ಮ ಮಗನ ಕೈಗವಸು ಚೆಂಡು ಬರುವ ಮುಂಚೆಯೇ ಅಲುಗಾಡುತ್ತಿದೆಯಾ, ಇವನ್ನೆಲ್ಲ ನೋಡಲು ಸ್ಲೋ ಮೋಷನ್ ವಿಡಿಯೊ ಬಹಳ ಒಳ್ಳೆಯದು. ಅಲ್ಲಿ ಒಂದೆರಡು ಇಂಚಿನ ತಪ್ಪು ಇದ್ದರೂ ನಷ್ಟವಿಲ್ಲ. ಮಗನಿಗೆ ಇನ್ನೊಂದು ಅಭ್ಯಾಸ ಕೊಡಿ. ಪ್ರತಿ ಚೆಂಡು ಹಿಡಿದ ತಕ್ಷಣ, ಅಂಪೈರ್ ಹೇಳುವ ಮೊದಲೇ, ಮನಸ್ಸಿನಲ್ಲಿ ಬಾಲ್ ಅಥವಾ ಸ್ಟ್ರೈಕ್ ಎಂದುಕೊಳ್ಳಲಿ. ತಾನು ಹಿಡಿದ ಚೆಂಡಿನ ಬಗ್ಗೆ ತನಗೇ ಪ್ರಾಮಾಣಿಕವಾಗಿ. ಮುಂದೆ ಚಾಲೆಂಜ್ ಇರುವ ಮಟ್ಟಕ್ಕೆ ಹೋದರೆ ಅದೇ ಅವನ ಬಲ.

ಕೂಗಾಟಕ್ಕೆ ಮದ್ದು ಬೇರೆ. ಸೀಸನ್ ಶುರುವಾಗುವ ಮುಂಚೆ ಲೀಗಿನ ಬೋರ್ಡಿಗೆ ಬರೆಯಿರಿ. ಮೂರು ವಿಷಯ ಕೇಳಿ: ಪ್ರತಿ ಪಂದ್ಯದಲ್ಲಿ ಹುಡುಗನ ಜೊತೆ ಒಬ್ಬ ಅನುಭವಿ ಅಂಪೈರ್ ಮೈದಾನದಲ್ಲಿರಲಿ. ಬಾಲ್-ಸ್ಟ್ರೈಕ್ ಬಗ್ಗೆ ಕೋಚ್ ಬಿಟ್ಟು ಬೇರೆ ಯಾರೂ ಮಾತಾಡುವ ಹಾಗಿಲ್ಲ, ಅದೂ ಇನಿಂಗ್ಸ್ ಮುಗಿದ ಮೇಲೆ. ಎರಡನೇ ಸಲ ಕೂಗಿದ ಪೋಷಕರು ಆ ದಿನ ಪಾರ್ಕಿಂಗ್ ಜಾಗದಲ್ಲಿ ಕಾಯಲಿ. ಈ ಮೂರಕ್ಕೆ ಬೋರ್ಡ್ ಒಪ್ಪಿದರೆ ಫೋನಿನ ಪ್ರಸ್ತಾಪ ತಂದವರಲ್ಲಿ ಬಹಳಷ್ಟು ಜನ ಅದನ್ನು ತಾವೇ ಕೈಬಿಡುತ್ತಾರೆ. ಒಪ್ಪದಿದ್ದರೆ, ಕನಿಷ್ಠ ಪಂದ್ಯದ ಹೊತ್ತಿನಲ್ಲಿ ಬೇಲಿಗೆ ಫೋನ್ ಕಟ್ಟಬಾರದು ಎಂಬ ಒಂದು ಸಾಲನ್ನಾದರೂ ಈ ವರ್ಷದ ಸ್ಥಳೀಯ ನಿಯಮಗಳಿಗೆ ಸೇರಿಸಲು ಕೇಳಿ.